ಮಾವನವರು ಕಳ್ಳರ ಗುಂಪು ಸೇರಿದ್ದು

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮದುವೆಯಾಗಿ ಬ್ಯಾಡಗಿ ಕಡೆಯಿಂದ ಪುಣೆಗೆ ಬಂದಾಗ ನನಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ಗಂಡನ ಮನೆಯವರದು ಮಾರ್ಕೆಟ್ ಯಾರ್ಡಿನಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರ. ಮನೆ ಅಲ್ಲೇ ಹತ್ತಿರ. ಒಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಗಂಡ ಬೆಳಗಾಗುತ್ತಲೇ ಅಂಗಡಿಗೆ ಹೋಗುತ್ತಿದ್ದರು. ನಾದಿನಿ ಕಾಲೇಜಿಗೆ ಹೋಗುತ್ತಿದ್ದಳು. ಅತ್ತೆಗೆ ಕೈತುಂಬ ಕೆಲಸ, ಮಾತು ಕಡಿಮೆ. ಹೀಗಾಗಿ ನನಗೆ ಪುಣೆಯನ್ನು ತೋರಿಸಿದವರು ಮಾವ. ಅವರು ತೋರಿಸಿದ ಪುಣೆಯಲ್ಲಿ ಶನಿವಾರವಾಡೆ, ಪರ್ವತಿ ಗುಡ್ಡ ಎಲ್ಲ ಆಮೇಲೆ ಬಂದವು. ಮೊದಲು ಬಂದದ್ದು ಟಾಕೀಸು.

ಮಾವನಿಗೆ ಬೀಡಿಯಿಲ್ಲ, ಎಲೆಯಡಿಕೆಯಿಲ್ಲ. ಇದ್ದದ್ದು ಒಂದೇ ಚಟ, ಸಿನಿಮಾ. ಅದೂ ಎಲ್ಲ ಸಿನಿಮಾ ಅಲ್ಲ. ದರೋಡೆಕೋರರ ಗುಂಪೊಂದು ಇರಬೇಕು, ಅವರ ಬೆನ್ನು ಹತ್ತಿದ ಪೊಲೀಸರಿರಬೇಕು. ಪ್ರೇಮ, ತ್ಯಾಗ, ಅಣ್ಣತಮ್ಮಂದಿರ ಅಗಲಿಕೆ ಇವೆಲ್ಲ ಅವರ ಪಾಲಿಗೆ ಶೇಂಗಾ ತಿನ್ನಲು ಬಿಟ್ಟ ಬಿಡುವು. ಯಾರ್ಡಿಗೆ ರಜೆ ಇದ್ದ ದಿನ ಮಧ್ಯಾಹ್ನದ ಆಟಕ್ಕೆ ಅವರು ಮೊದಲೆಲ್ಲ ಒಬ್ಬರೇ ಹೋಗುತ್ತಿದ್ದರಂತೆ. ನನ್ನ ಗಂಡನಿಗೆ ಟಾಕೀಸಿನಲ್ಲಿ ದೀಪ ಆರಿದ ಕೂಡಲೇ ನಿದ್ದೆ ಬರುತ್ತಿತ್ತು. ಅತ್ತೆ ಬಹಳ ಹಿಂದೆ ಒಮ್ಮೆ ದೇವರ ಸಿನಿಮಾಕ್ಕೆ ಹೋಗಿ, ತೆರೆಯ ಮೇಲೆ ದೇವರು ಬಂದಾಗ ಭಕ್ತಿಯಿಂದ ಚಪ್ಪಲಿ ಬಿಟ್ಟು ಕೈಮುಗಿದಿದ್ದರು. ಆಟ ಮುಗಿದಾಗ ಚಪ್ಪಲಿ ಇರಲಿಲ್ಲ. ಅಂದಿನಿಂದ ಅವರು ಟಾಕೀಸಿನ ಮೆಟ್ಟಿಲು ಹತ್ತಿರಲಿಲ್ಲ. ಕಳ್ಳರು ಪರದೆ ಮೇಲಲ್ಲ, ಕುರ್ಚಿ ಕೆಳಗೇ ಇರುತ್ತಾರೆ ಎನ್ನುವುದು ಅವರ ಮಾತು.

ಹೊಸ ಸೊಸೆ ಮನೆಯಲ್ಲಿ ಸುಮ್ಮನೆ ಕೂತು ಸೊರಗುತ್ತಿದ್ದಾಳೆಂದು ಮಾವ ಒಂದು ದಿನ ನನ್ನನ್ನೂ ಕರೆದರು. ನನಗೆ ಹಿಂದಿ ತಿಳಿಯುವುದಿಲ್ಲ ಎಂದೆ.

"ಓಡೋರು ಒಬ್ಬರು, ಹಿಡಿಯೋರು ಒಬ್ಬರು. ಇದಕ್ಕ ಭಾಷಾ ಯಾಕ ಬೇಕು ಯವ್ವಾ?" ಅಂದರು.

ಹುಡುಗರಾಗಿದ್ದಾಗ ಅವರೂ ಭಾಷೆ ಬಾರದೆಯೇ ಪುಣೆಗೆ ಬಂದವರು. ಯಾರದೋ ಅಂಗಡಿಯ ಅಟ್ಟದ ಮೇಲೆ ಮಲಗಿ, ಊರಿನ ನೆನಪಾದಾಗಲೆಲ್ಲ ಟಾಕೀಸಿಗೆ ಹೋಗಿ ಕೂರುತ್ತಿದ್ದರಂತೆ. ಅದಕ್ಕೂ ಮೊದಲು ಧಾರವಾಡದಲ್ಲಿ ಪೊಲೀಸ್ ಭರ್ತಿಗೆ ಹೋಗಿ ಎದೆಯ ಅಳತೆ ಸಾಲದೆ ವಾಪಸಾಗಿದ್ದರು. ಆ ಬೇಸರವನ್ನು ಅವರು ಹೇಳಿಕೊಂಡವರಲ್ಲ. ತೆರೆಯ ಮೇಲೆ ಇನ್ಸ್‌ಪೆಕ್ಟರ್ ಜೀಪಿನಿಂದ ಇಳಿದರೆ ಸಾಕು, ಪಕ್ಕದಲ್ಲಿ ಕೂತ ಮಾವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ನನ್ನ ಹಿಂದಿ ಹೀಗೆ ಕಳ್ಳರಿಂದಲೂ ಪೊಲೀಸರಿಂದಲೂ ಕಲಿತ ಹಿಂದಿ. ಕೈ ಮೇಲೆತ್ತು, ಅಲ್ಲಾಡಬೇಡ, ಮಾಲು ಎಲ್ಲಿದೆ ಹೇಳು, ಜಾಣತನ ತೋರಿಸಬೇಡ ಎಂಬುದನ್ನೆಲ್ಲ ನಾನು ಬೇಗ ಕಲಿತೆ. ಒಂದು ಸಂಜೆ ಅತ್ತೆ ನನ್ನೊಬ್ಬಳನ್ನೇ ತರಕಾರಿಗೆ ಕಳಿಸಿದರು. ಕೊತ್ತಂಬರಿ ಮಾರುವವನು ಬಾಡಿದ ಸೊಪ್ಪನ್ನು ಒಳಗಿಟ್ಟು ಮೇಲೊಂದಿಷ್ಟು ಹಸಿರು ಮುಚ್ಚಿ ಕಟ್ಟಿದ್ದು ಕಂಡಿತು. ನನಗೆ ಬಂದ ಮಾತು ಒಂದೇ. "ಹೋಶಿಯಾರಿ ನಹೀ ಕರನೇಕಾ," ಅಂದೆ, ಇನ್ಸ್‌ಪೆಕ್ಟರನ ಧಾಟಿಯಲ್ಲೇ. ಅವನು ಒಂದು ಕ್ಷಣ ನನ್ನನ್ನೇ ನೋಡಿದ. ಆಮೇಲೆ ಕೊತ್ತಂಬರಿ ಹಿಡಿದ ಕೈಯನ್ನೂ ಬರಿಗೈಯನ್ನೂ ಮೇಲೆತ್ತಿ ನಿಂತುಬಿಟ್ಟ. ಸುತ್ತಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಮುಂದೆ ಎಷ್ಟೋ ವರ್ಷ ಅವನು ನನ್ನನ್ನು ಇನ್ಸ್‌ಪೆಕ್ಟರ್ ವಹಿನಿ ಎಂದೇ ಕರೆದ. ವಹಿನಿ ಎಂದರೆ ಅತ್ತಿಗೆ. ಆ ಊರಿನಲ್ಲಿ ನನಗೆ ಸಿಕ್ಕ ಮೊದಲ ಸಲಿಗೆಯ ಮಾತು ಅದು. ಮನೆಗೆ ಬಂದು ಹೇಳಿದಾಗ ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನೂ ಅಂದೇ ಮೊದಲು ಕಂಡೆ.

ಇದಾಗಿ ಕೆಲವು ವರ್ಷಕ್ಕೆ ನಿಜವಾದ ಸಿನಿಮಾದವರೇ ಯಾರ್ಡಿಗೆ ಬಂದರು. ಮುಂಬಯಿಯವರು. ದರೋಡೆಕೋರರು ಮಾಲು ಬಚ್ಚಿಡುವ ಜಾಗಕ್ಕೆ ಅವರಿಗೊಂದು ಗೋದಾಮು ಬೇಕಿತ್ತು. ಅಕ್ಕಿಯ ಗೋದಾಮು ನೋಡಿದರು, ಬೆಲ್ಲದ್ದು ನೋಡಿದರು. ನಮ್ಮಲ್ಲಿಗೆ ಬಂದು ಸಾಲಾಗಿ ಬಾಯಿ ತೆರೆದಿಟ್ಟ ಕೆಂಪು ಚೀಲಗಳನ್ನು ಕಂಡ ಮೇಲೆ ನಿರ್ದೇಶಕರು ಬೇರೆಲ್ಲೂ ಹೋಗಲಿಲ್ಲ. ಆ ಬಣ್ಣ ಬೇಕು ಅಂದರಂತೆ. ಘಾಟು ಇರುತ್ತದೆ ಎಂದು ನನ್ನ ಗಂಡ ಹೇಳಿದ್ದಕ್ಕೆ, ಬಾಗಿಲಲ್ಲಿ ನಿಂತೇ ಸೀನುತ್ತಿದ್ದ ಅವರು ಅದು ಗೊತ್ತಾಯಿತೆಂದು ಕೈಯಲ್ಲೇ ಸನ್ನೆ ಮಾಡಿದರು.

ಮಾವನಿಗೆ ಅಂದಿನಿಂದ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಸಣ್ಣ ಸಣ್ಣ ಪಾತ್ರಗಳಿಗೆ ಅಲ್ಲಿಯವರನ್ನೇ ತೆಗೆದುಕೊಳ್ಳುತ್ತಾರೆಂದು ತಿಳಿದು, ಒಂದು ಹವಾಲ್ದಾರನ ಪಾತ್ರ ಕೊಡಿ ಎಂದು ತಾವಾಗಿಯೇ ಕೇಳಿದರು. ನಿರ್ದೇಶಕರ ಸಹಾಯಕ ಅವರ ದಪ್ಪ ಬಿಳಿ ಮೀಸೆ, ಧೋತರ, ಟೊಪ್ಪಿಗೆ ಎಲ್ಲವನ್ನೂ ನೋಡಿದ. ಕಳ್ಳರ ಗುಂಪಿಗೆ ಆಸರೆ ಕೊಡುವ ಮುದುಕನೊಬ್ಬ ಬೇಕಾಗಿದ್ದಾನೆ, ಈಗಿರುವಂತೆಯೇ ಬಂದರೆ ಸಾಕು ಅಂದ.

ಮಾವ ಮನೆಗೆ ಬಂದು ಕೈಕಾಲು ತೊಳೆದು ಒಲೆಯ ಹತ್ತಿರ ಕೂತರು. ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಎರಡು ರೊಟ್ಟಿ ಬೆಂದ ಮೇಲೆ ವಿಷಯ ಹೊರಗೆ ಬಂತು.

"ಈ ವಯಸ್ಸಿನಾಗ ಕಳ್ಳರ ಗುಂಪು ಸೇರತೀರೇನು?" ಅತ್ತೆ ಕೈ ನಿಲ್ಲಿಸದೆ ಕೇಳಿದರು. "ಬೀಗರು ಬಿಜ್ಜರು ನೋಡಿದ್ರ ಏನಂದಾರು? ಮನ್ಯಾಗ ಮದುವಿಗೆ ಬಂದ ಮಗಳದಾಳ."

ಅದು ನಾಟಕವಲ್ಲವೇ ಎಂದು ಮಾವ ಮೆಲ್ಲಗೆ ಹೇಳಿದರು. ನಾಟಕವಾದರೆ ಪೊಲೀಸನ ನಾಟಕ ಆಡಿರಿ ಎಂದು ಅತ್ತೆ. ಅದನ್ನೇ ಕೇಳಿದ್ದೆ, ಕೊಡಲಿಲ್ಲ ಎಂದು ಮಾವ. ಈ ಮಾತು ಕೇಳಿ ಅತ್ತೆಯ ಮುಖ ತುಸು ಬದಲಾಯಿತು. ಧಾರವಾಡದ ಕಥೆ ಅವರಿಗೂ ಗೊತ್ತಿತ್ತು. ತಟ್ಟೆಗೆ ಬಿಸಿ ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟು, ಅಂಗಿಯನ್ನಾದರೂ ಇಸ್ತ್ರಿ ಮಾಡಿದ್ದು ಹಾಕಿಕೊಂಡು ಹೋಗಿರಿ ಅಂದರು. ಅದೇ ಒಪ್ಪಿಗೆ.

ಚಿತ್ರೀಕರಣದ ದಿನ ಮಧ್ಯಾಹ್ನ ನಾನೂ ಅತ್ತೆಯೂ ಬುತ್ತಿ ತೆಗೆದುಕೊಂಡು ಹೋದೆವು. ಮುಂದಿನ ಬಾಗಿಲಲ್ಲಿ ಜನವೋ ಜನ. ಹಮಾಲರು ಲಾರಿಗಳ ಮೇಲೆ ಹತ್ತಿ ನಿಂತಿದ್ದರು. ನನಗೆ ಗೊತ್ತಿದ್ದ ಹಿಂದಿನ ಸಣ್ಣ ಬಾಗಿಲಿನಿಂದ ಒಳಗೆ ಹೋದೆವು. ಗೋದಾಮಿನ ತುಂಬ ಘಾಟು. ಓಡಿ ಬರುವ ಕಳ್ಳನೊಬ್ಬ ಚೀಲಗಳ ಮೇಲೆ ಹಾರಬೇಕಿತ್ತು, ಹಾರಿದ್ದಾನೆ, ಚೀಲ ಒಡೆದಿದೆ. ಬೆಳಗಿನಿಂದ ಇನ್ಸ್‌ಪೆಕ್ಟರ್ ಪಾತ್ರದವನು ಪಿಸ್ತೂಲು ಎತ್ತಿದಾಗಲೆಲ್ಲ ಸೀನುತ್ತಿದ್ದಾನೆ, ಕಳ್ಳರು ಕಣ್ಣೊರೆಸಿಕೊಳ್ಳುತ್ತಿದ್ದಾರೆ. ಇದೆಲ್ಲ ನಮಗೆ ಆಮೇಲೆ ತಿಳಿದದ್ದು. ನಾವು ಒಳಗೆ ಕಾಲಿಟ್ಟಾಗ ಚೀಲಗಳ ರಾಶಿಯ ಆಚೆ ಕ್ಯಾಮೆರಾ ಇದ್ದದ್ದು ನಮಗೆ ಕಾಣಲೇ ಇಲ್ಲ. ಕಂಡದ್ದು ಇಷ್ಟು: ಖಾಕಿ ತೊಟ್ಟ ಆಳೊಬ್ಬ ಮಾವನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ್ದ, ಅವರ ಟೊಪ್ಪಿಗೆ ನೆಲದ ಮೇಲೆ ಬಿದ್ದಿತ್ತು, ಅವನ ಇನ್ನೊಂದು ಕೈ ಹೊಡೆಯಲು ಮೇಲೆದ್ದಿತ್ತು.

ಅತ್ತೆ ಬುತ್ತಿಯ ಗಂಟನ್ನು ನನ್ನ ಕೈಗೆ ತುರುಕಿ ಮುಂದೆ ಹೋದರು. ಆ ಮೇಲೆದ್ದ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದರು.

"ಏ, ಬಿಡೋ ಅವರನ್ನ. ಯಾರ ಮನಿ ಮಗಾ ನೀನು? ನಿಮ್ಮಪ್ಪನ ವಯಸ್ಸಿನವರ ಮ್ಯಾಲೆ ಕೈ ಎತ್ತತೀಯಲ್ಲ, ಉಂಡ ಅನ್ನ ಮೈಗೆ ಹತ್ತತದೇನು ನಿನಗ?"

ಅವನಿಗೆ ಕನ್ನಡ ಬಾರದು. ಆದರೆ ಬೈಗುಳ ತಾಯಿಯದೆಂದು ತಿಳಿಯಲು ಭಾಷೆ ಬೇಕಿರಲಿಲ್ಲ. ಅವನು ಕೊರಳಪಟ್ಟಿ ಬಿಟ್ಟು ಹಿಂದೆ ಸರಿದ. ಮಾವ ಗೋಡೆಗೆ ಒರಗಿಕೊಂಡೇ, "ಇದು ಶೂಟಿಂಗ್ ಅಲ್ಲೇನ," ಅಂದರು ಸಣ್ಣ ದನಿಯಲ್ಲಿ. ಅತ್ತೆ ಬಗ್ಗಿ ಟೊಪ್ಪಿಗೆ ಎತ್ತಿಕೊಂಡು, ಧೂಳು ಝಾಡಿಸಿ ಅವರ ತಲೆಯ ಮೇಲಿಟ್ಟರು. ಆಮೇಲೆ ತಿರುಗಿ ನೋಡಿದಾಗ ದೀಪಗಳು, ಕ್ಯಾಮೆರಾ, ಅಷ್ಟು ಮಂದಿಯ ಗುಂಪು ಎಲ್ಲ ಕಂಡಿತು. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಅನ್ನಿಸಿತು. ಅತ್ತೆಗೆ ಹಾಗೇನೂ ಅನ್ನಿಸಿದಂತೆ ಕಾಣಲಿಲ್ಲ. ಸೆರಗು ಸರಿಮಾಡಿಕೊಂಡು ನಿಂತರು.

ನಿರ್ದೇಶಕರು ಓಡಿಬಂದದ್ದು ಬೈಯಲಿಕ್ಕೆ ಎಂದುಕೊಂಡಿದ್ದೆ. ಅವರು ಬಂದು ಕೈಮುಗಿದರು. ಹೀಗೇ ಬೇಕು, ಇದನ್ನು ನಮ್ಮಿಂದ ಬರೆಯಲಾಗುತ್ತಿರಲಿಲ್ಲ, ಆದರೆ ಕ್ಯಾಮೆರಾ ಆಗ ಓಡುತ್ತಿರಲಿಲ್ಲ, ಅಭ್ಯಾಸ ನಡೆದಿತ್ತು, ತಾಯಿ ಇನ್ನೊಮ್ಮೆ ಹೀಗೇ ಮಾಡಬೇಕು ಎಂದರು. ನನ್ನ ಗಂಡ ಅದನ್ನು ಕನ್ನಡದಲ್ಲಿ ಅತ್ತೆಗೆ ತಿಳಿಸಿದರು. ಅತ್ತೆ ಒಪ್ಪದೆ ಹೋಗುತ್ತಾರೆಂದು ನಾವೆಲ್ಲ ಅಂದುಕೊಂಡರೆ, ಮಾವನ ಮುಖ ನೋಡಿ ಆಗಲಿ ಅಂದುಬಿಟ್ಟರು.

ಮತ್ತೆ ಖಾಕಿಯವನು ಕೊರಳಪಟ್ಟಿ ಹಿಡಿದ. ಮತ್ತೆ ಅತ್ತೆ ಬಂದು ಅವನ ಕೈ ಹಿಡಿದರು. ಹಿಡಿದು, ಬಾಯಿ ತೆರೆದು, ನಕ್ಕುಬಿಟ್ಟರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಖಾಕಿಯವನೇ ಸೀನಿದ, ಅದಕ್ಕೆ ಅತ್ತೆ ನೂರು ವರ್ಷ ಬಾಳಪ್ಪಾ ಎಂದು ಹರಸಿದರು. ನಿರ್ದೇಶಕರು ತಾಳ್ಮೆಯಿಂದ, ಮೊದಲು ಹೇಗೆ ಬೈದಿರೋ ಹಾಗೆಯೇ ಬೈಯಿರಿ ಎಂದು ಹೇಳಿಸಿದರು.

"ಆವಾಗ ಸಿಟ್ಟು ಬಂದಿತ್ತು, ಬೈದೆ," ಅಂದರು ಅತ್ತೆ. "ಈಗ ಸಿಟ್ಟ ಇಲ್ಲ. ಸಿಟ್ಟಿಲ್ಲದ ಹ್ಯಾಂಗ ಬೈಲಿ?"

ಅದನ್ನು ಯಾರೋ ಹಿಂದಿಗೆ ತಿರುಗಿಸಿದಾಗ ನಿರ್ದೇಶಕರು ತಲೆಯಾಡಿಸಿ ಕುರ್ಚಿಗೆ ಹೋಗಿ ಕೂತರು. ಅತ್ತೆಯ ಪಾತ್ರ ಅಲ್ಲಿಗೆ ಮುಗಿಯಿತು. ಊಟದ ಹೊತ್ತೂ ಆಗಿತ್ತು. ಬುತ್ತಿ ಬಿಚ್ಚಿದೆವು. ಕಳ್ಳರೂ ಪೊಲೀಸರೂ ಒಂದೇ ಚಾಪೆಯ ಮೇಲೆ ಕೂತು ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಕೆನೆಮೊಸರು ತಿಂದರು. ಆ ಖಾಕಿಯವನೇ ಇನ್ಸ್‌ಪೆಕ್ಟರ್ ಪಾತ್ರದವನು, ಅವನ ಮಣಿಕಟ್ಟಿನ ಮೇಲೆ ಅತ್ತೆಯ ಬಳೆಗಳ ಗುರುತು ಕೆಂಪಾಗಿ ಮೂಡಿತ್ತು. ಅವನು ಅದನ್ನು ಎಲ್ಲರಿಗೂ ತೋರಿಸುತ್ತಿದ್ದ. ಏಳುವಾಗ ಅತ್ತೆಯ ಕಾಲು ಮುಟ್ಟಿದ. ಅವರು ಮಿಕ್ಕಿದ ಶೇಂಗಾ ಹಿಂಡಿಯನ್ನು ಕಾಗದದಲ್ಲಿ ಕಟ್ಟಿ ಅವನಿಗೆ ಕೊಟ್ಟರು.

ಮಧ್ಯಾಹ್ನದ ಮೇಲೆ ಮಾವನ ಮುಖ್ಯ ದೃಶ್ಯ ತೆಗೆದರು. ಗುಂಪು ಸಿಕ್ಕಿಬಿದ್ದ ಮೇಲೆ ಮುದುಕನ ಕೈಗೆ ಬೇಡಿ ಹಾಕಿ ಜೀಪಿಗೆ ಹತ್ತಿಸುವುದು. ತಲೆ ತಗ್ಗಿಸಿ ಹೋಗಿ ಕೂರಬೇಕು, ಅಷ್ಟೇ. ಮಾವ ಜೀಪಿನ ಹತ್ತಿರ ಹೋದವರು ಒಮ್ಮೆ ನಿಂತು ಹಿಂದಿರುಗಿ ಅಂಗಡಿಯತ್ತ ನೋಡಿ ಆಮೇಲೆ ಹತ್ತಿದರು. ಹೇಳಿದ್ದನ್ನು ಬಿಟ್ಟು ಬೇರೆ ಮಾಡಿದರಲ್ಲ, ಮತ್ತೆ ಮಾಡಿಸುತ್ತಾರೇನೋ ಎಂದು ನಾವು ಕಾದರೆ, ನಿರ್ದೇಶಕರು ಒಂದೇ ಸಲಕ್ಕೆ ಮುಗಿಸಿದರು.

ಸಿನಿಮಾ ಬಂದದ್ದು ಮರುವರ್ಷ. ಹಳೆ ಪೇಟೆಯ ಟಾಕೀಸೊಂದರಲ್ಲಿ ಹಾಕಿದ್ದರು. ಯಾರ್ಡಿನ ಅರ್ಧಕ್ಕರ್ಧ ಜನ ಮೊದಲ ರಜೆಗೇ ಹೊರಟರು. ಅತ್ತೆಯೂ ಬಂದರು. ಒಳಗೆ ಹೋಗುವ ಮುಂಚೆ ಚಪ್ಪಲಿಗಳನ್ನು ಕೈಚೀಲಕ್ಕೆ ಹಾಕಿ, ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತರು. ನಾನು ಒಂದು ಬದಿ, ಮಾವ ಇನ್ನೊಂದು ಬದಿ.

ಕಥೆ ನಮಗೆ ಪರಿಚಿತವಾದದ್ದೇ. ಗುಂಪೊಂದು ಹೆದ್ದಾರಿಯಲ್ಲಿ ಲಾರಿಗಳನ್ನೂ ಪೇಟೆಯಲ್ಲಿ ಬಂಗಾರದ ಅಂಗಡಿಗಳನ್ನೂ ದೋಚುತ್ತದೆ. ಹೊಸದಾಗಿ ವರ್ಗವಾಗಿ ಬಂದ ಇನ್ಸ್‌ಪೆಕ್ಟರ್ ಒಬ್ಬೊಬ್ಬರನ್ನೇ ಹುಡುಕುತ್ತ ಹೋಗುತ್ತಾನೆ. ಅತ್ತೆ ಮೊದಲರ್ಧವಿಡೀ ಬಿಡದೆ ಪ್ರಶ್ನೆ ಕೇಳಿದರು. ಇವನ್ಯಾಕೆ ಅವಳ ಹಿಂದೆ ಹೋದ, ಆ ಹುಡುಗಿಗೆ ಮನೆಯಲ್ಲಿ ಹೇಳುವವರಿಲ್ಲವೇ ಎಂದು. ಗೋದಾಮು ಬಂದಾಗ ನಮ್ಮ ಸಾಲುಗಳಲ್ಲಿ ಗದ್ದಲವೆದ್ದಿತು. ಹಮಾಲರು ತಮ್ಮ ತಮ್ಮ ಚೀಲಗಳನ್ನೇ ಗುರುತಿಸುತ್ತಿದ್ದರು. ಅವರೆಲ್ಲ ಸೀನಿದ್ದನ್ನು ಕತ್ತರಿಸಿ ಹಾಕಿದ್ದರು. ಗುಂಡಿನ ಸದ್ದು, ಕೆಂಪು ಧೂಳು, ಅದರೊಳಗಿಂದ ಹೊರಬರುವ ಇನ್ಸ್‌ಪೆಕ್ಟರ್ ಎಲ್ಲ ಬಹಳ ಗಂಭೀರವಾಗಿತ್ತು.

ಆಮೇಲೆ ಮಾವ ಬಂದರು. ಅಷ್ಟು ದೊಡ್ಡ ಪರದೆಯ ತುಂಬ ಅವರ ಮುಖ. ಕೈಯಲ್ಲಿ ಬೇಡಿ. ಜೀಪಿನ ಹತ್ತಿರ ಹೋಗಿ ನಿಂತರು, ತಿರುಗಿದರು, ತಮ್ಮ ಅಂಗಡಿಯನ್ನು ಒಂದು ಸಲ ನೋಡಿದರು. ಆ ಹೊತ್ತಿಗೆ ಹಿನ್ನೆಲೆಯಲ್ಲಿ ಕೊಳಲು ಹಾಕಿದ್ದರು. ಗದ್ದಲ ಮಾಡುತ್ತಿದ್ದ ಯಾರ್ಡಿನವರೆಲ್ಲ ಸುಮ್ಮನಾದರು. ಪಕ್ಕಕ್ಕೆ ನೋಡಿದರೆ ಅತ್ತೆಯ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಪರದೆಯ ಮೇಲಿನ ಗಂಡನನ್ನು ನೋಡುತ್ತಲೇ ಅವರು ಪಕ್ಕದಲ್ಲಿ ಕೂತ ಗಂಡನ ಕೈ ಹಿಡಿದುಕೊಂಡಿದ್ದರು. ನಾಲ್ಕು ಜನರ ಎದುರು ಅವರು ಹಾಗೆ ಮಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

"ಆವಾಗ ಏನು ನೆನಸಿಕೊಂಡ್ರಿ, ಹಂಗ ತಿರುಗಿ ನೋಡುವಾಗ?" ಎಂದು ಅತ್ತೆ ಪಿಸುಗುಟ್ಟಿದ್ದು ನನಗೂ ಕೇಳಿಸಿತು.

"ಹಿಂದಿನ ಬಾಗಲಾ ಹಾಕ್ಯಾರೋ ಇಲ್ಲೋ ಅಂತ ನೋಡಿದೆ," ಅಂದರು ಮಾವ.

ಅತ್ತೆ ಕೈ ಬಿಡಲಿಲ್ಲ. ಆದರೆ ಅಳು ನಗುವಾಗಿ, ಅದನ್ನು ತಡೆಯಲು ಅವರು ಪಟ್ಟ ಪಾಡಿನಲ್ಲಿ ಮಡಿಲ ಚೀಲ ಜಾರಿ ಚಪ್ಪಲಿ ಕೆಳಗೆ ಬಿದ್ದವು. ಕತ್ತಲಲ್ಲಿ ನಾನೂ ಹಿಂದಿನ ಸಾಲಿನ ಹಮಾಲರೂ ತಡಕಾಡಿ ಹುಡುಕಿಕೊಟ್ಟೆವು. ಆ ಗಡಿಬಿಡಿಯಲ್ಲಿ ಗುಂಪಿನ ನಾಯಕ ನದಿಯ ದಂಡೆಯಲ್ಲಿ ಹೇಗೆ ಸಿಕ್ಕಿಬಿದ್ದನೆಂಬುದನ್ನು ನಮ್ಮ ಮನೆಯವರು ಯಾರೂ ಸರಿಯಾಗಿ ನೋಡಲಿಲ್ಲ.

ಅಂದಿನಿಂದ ಯಾರ್ಡಿನಲ್ಲಿ ಮಾವನಿಗೆ ಹೊಸ ಗೌರವ. ನೆರೆಯ ವ್ಯಾಪಾರಿಗಳು ಡಾಕೂ ಶೇಟ್, ಅಂದರೆ ದರೋಡೆಕೋರ ಸಾಹುಕಾರ, ಎಂದು ಕರೆದರೆ ಅವರು ಮೀಸೆಯಲ್ಲೇ ನಗುತ್ತಿದ್ದರು. ಯೆರವಡಾ ಕಡೆಗೆ ಹೋಗುವ ಬಸ್ಸಿನಲ್ಲಿ ಜೈಲಿನ ಉದ್ದನೆಯ ಗೋಡೆ ಬಂದಾಗ ಅತ್ತೆ, ಇಳೀತೀರೇನು ನಿಮ್ಮ ಸ್ಟಾಪ್ ಬಂತು ಎಂದು ಕೇಳುತ್ತಿದ್ದರು. ಆದರೆ ಮಾವನ ಸಿನಿಮಾ ನೋಡುವ ರೀತಿ ಸ್ವಲ್ಪ ಬದಲಾದದ್ದು ನಾನು ಗಮನಿಸಿದೆ. ಇನ್ಸ್‌ಪೆಕ್ಟರ್ ಬಂದಾಗ ಬೆನ್ನು ನೆಟ್ಟಗಾಗುವುದು ಇದ್ದೇ ಇತ್ತು. ಜೊತೆಗೆ, ಗುಂಪಿನ ಮೂಲೆಯಲ್ಲಿ ಮಾತಿಲ್ಲದೆ ನಿಂತ ಸಣ್ಣಪುಟ್ಟ ಕಳ್ಳರನ್ನೂ ಅವರು ಈಗ ನೋಡುತ್ತಿದ್ದರು. ಯಾವನಾದರೂ ಒಳ್ಳೆಯದಾಗಿ ಬಿದ್ದರೆ, ಭಾಳ ಚಂದ ಬಿದ್ದ ಎಂದು ಮೆಚ್ಚುತ್ತಿದ್ದರು.

ನಾದಿನಿಯನ್ನು ನೋಡಲು ಸೊಲ್ಲಾಪುರದಿಂದ ಗಂಡಿನ ಕಡೆಯವರು ಬಂದದ್ದು ಆ ಸಿನಿಮಾ ಬಂದು ಬಹಳ ದಿನವಾಗುವ ಮೊದಲೇ. ಹುಡುಗನ ಸೋದರಮಾವ ಅವಲಕ್ಕಿಯ ತಟ್ಟೆ ಹಿಡಿದುಕೊಂಡು ಮಾವನ ಮುಖವನ್ನೇ ನೋಡುತ್ತಿದ್ದರು. ತಿನ್ನಲೊಲ್ಲರು. ಕಡೆಗೆ ತಡೆಯಲಾರದೆ, "ನಿಮ್ಮನ್ನ ಎಲ್ಲೋ ನೋಡೇನ್ರಿ," ಅಂದರು.

"ನೋಡಿರತೀರಿ. ಹೋದ ವರ್ಷ ನನ್ನನ್ನ ಪೊಲೀಸರು ಹಿಡಕೊಂಡು ಹೋಗಿದ್ರು," ಅಂದರು ಮಾವ, ಸಹಜವಾಗಿ.

ಬಾಗಿಲ ಹಿಂದೆ ಸೀರೆಯುಟ್ಟು ನಿಂತಿದ್ದ ನಾದಿನಿ ಹಣೆ ಬಡಿದುಕೊಂಡಳು. ಅತ್ತೆ ಚಹಾದ ಬಟ್ಟಲುಗಳನ್ನು ಹಂಚುತ್ತ, "ಬಿಟ್ಟು ಕಳಿಸ್ಯಾರ. ಚಾ ಆರತದ, ತಗೋರಿ," ಅಂದರು. ಆಗ ಆ ಸೋದರಮಾವನಿಗೆ ನೆನಪಾಗಿ, ತಟ್ಟೆ ಕೆಳಗಿಟ್ಟು ಎದ್ದು ಬಂದು ಮಾವನ ಎರಡೂ ಕೈ ಹಿಡಿದರು. ಜೀಪು ಹತ್ತುವ ಮುಂಚೆ ನೀವು ತಿರುಗಿ ನೋಡಿದ್ದನ್ನು ನಮ್ಮ ಮನೆಯಲ್ಲಿ ಯಾರೂ ಮರೆತಿಲ್ಲ ಎಂದರು. ಮಾವ ಬಾಗಿಲಿನ ವಿಷಯ ಹೇಳಬಹುದೆಂದು ನಾನು ಹೆದರಿದೆ. ಹೇಳಲಿಲ್ಲ. ಸಂಬಂಧ ಅಂದೇ ಕೂಡಿತು. ನಾದಿನಿ ಈಗಲೂ ಸುಖವಾಗಿದ್ದಾಳೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಾವು ವಿಮಾನ ನಗರದಲ್ಲಿ ಅಪಾರ್ಟ್‌ಮೆಂಟ್ ಕೊಂಡು ಅಲ್ಲಿಗೆ ಹೋದೆವು. ಹತ್ತಿರದಲ್ಲೇ ಮಾಲ್, ಮಾಲ್‌ನಲ್ಲಿ ಸಿನಿಮಾ. ಮಾವನ ಮೊಣಕಾಲು ನೋಯುತ್ತಿದ್ದವು, ಆದರೆ ಅಲ್ಲಿ ಮೆಟ್ಟಿಲೇ ಓಡುತ್ತಿದ್ದವು. ಆ ಹೊತ್ತಿಗೆ ಯಾವ ಸಿನಿಮಾಕ್ಕೆ ಹೋಗಬೇಕೆಂದು ನಿರ್ಧರಿಸುವವರು ಅತ್ತೆಯಾಗಿದ್ದರು. ಹೊಸ ಕಳ್ಳರು ಅವರಿಗೆ ಅಷ್ಟಾಗಿ ಹಿಡಿಸಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಕದಿಯುತ್ತಾರೆ, ಓಡುವುದೇ ಇಲ್ಲ, ಇದೆಂಥ ದರೋಡೆ ಎಂದು ಮಾವನನ್ನು ಕೇಳುತ್ತಿದ್ದರು. ಆದರೂ ಒಂದನ್ನೂ ತಪ್ಪಿಸುತ್ತಿರಲಿಲ್ಲ.

ನಮ್ಮ ಕಟ್ಟಡದ ಪಕ್ಕದಲ್ಲೇ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿ ಕಲಬುರಗಿ, ಯಾದಗಿರಿ ಕಡೆಯ ಹೆಂಗಸರು ಇಟ್ಟಿಗೆ ಹೊರುತ್ತಿದ್ದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವರು ನಮ್ಮ ಗೋಡೆಯ ನೆರಳಿಗೆ ಬಂದು ಕೂರುತ್ತಿದ್ದರು. ಕನ್ನಡ ಕೇಳಿ ಅತ್ತೆ ಕೆಳಗಿಳಿದು ಹೋದವರು, ದಿನಾ ಹೋಗತೊಡಗಿದರು. ಉಪ್ಪಿನಕಾಯಿ ಒಯ್ಯುತ್ತಿದ್ದರು, ಜೊತೆಗೆ ಹಿಂದಿನ ದಿನ ನೋಡಿದ ಸಿನಿಮಾದ ಕಥೆ. ನಾನು ಒಮ್ಮೊಮ್ಮೆ ಹಿಂದೆ ನಿಂತು ಕೇಳುತ್ತಿದ್ದೆ. ನಾನು ನೋಡಿದ ಸಿನಿಮಾ ಅದಾಗಿರುತ್ತಿರಲಿಲ್ಲ. ಅತ್ತೆಯ ಪೊಲೀಸರು ಯಾರನ್ನೂ ಹೊಡೆಯುತ್ತಿರಲಿಲ್ಲ. ಅತ್ತೆಯ ಕಳ್ಳರು ಓಡಿ ಓಡಿ ದಣಿದು ಯಾರದೋ ಮನೆಯ ಜಗಲಿಯಲ್ಲಿ ನೀರು ಕೇಳುತ್ತಿದ್ದರು.

ಒಂದು ದಿನ ಹೀಗೇ ಗುಂಪಿನ ಕೊನೆಯವನೊಬ್ಬ ಸಿಕ್ಕಿಬೀಳುವಲ್ಲಿಗೆ ಕಥೆ ಬಂದಿತ್ತು. ಹೆಂಗಸೊಬ್ಬಳು ತಲೆಯ ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು.

"ಆ ಕಳ್ಳಗ ಮಕ್ಕಳಿದ್ದೂವೇನ್ರಿ ಯವ್ವಾ?"

ಸಿನಿಮಾದಲ್ಲಿ ಅದರ ಸುದ್ದಿಯೇ ಇರಲಿಲ್ಲ.

"ಇದ್ದೂ. ಎರಡು ಹೆಣ್ಣು," ಅಂದರು ಅತ್ತೆ, ಒಂದು ಕ್ಷಣವೂ ತಡೆಯದೆ. "ದೊಡ್ಡಾಕಿ ಸಾಲಿಗೆ ಹೋಗತಿದ್ಲು."